ನಷ್ಟ ನೋಡಲು ಬಂದವರಿಗೆ ನಾವು ಮಾಡಿದ ಮರ್ಯಾದೆ

ಕಸ್ಟಮ್ಸ್ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದರು. ಒಬ್ಬಳು ನಮ್ಮ ಬಿಲ್ಡಿಂಗಿನವರ ಮಗಳು, ಇನ್ನೊಬ್ಬ ಅವಳ ಬ್ಯಾಚಿನವನು. ಚಹಾ ಕುಡಿಯುತ್ತಾ, "ಸರ್, ಈ ಕೆಲಸದಲ್ಲಿ ಮುಖ್ಯವಾಗಿ ಏನು ಕಲಿಯಬೇಕು?" ಎಂದು ಕೇಳಿದರು. "ಸಹಿ" ಎಂದೆ. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದು ನಕ್ಕರು. ಅವರು ಹೋದ ಮೇಲೆ ನನ್ನ ಹೆಂಡತಿ ತುಳುವಿನಲ್ಲಿ ನನ್ನನ್ನು ಚೆನ್ನಾಗಿ ಬೈದಳು. ಮಕ್ಕಳು ಆಸೆಯಿಂದ ಕೇಳಲು ಬಂದರೆ ಸರಿಯಾಗಿ ಉತ್ತರ ಕೊಡಬಾರದೇ ಎಂದು ಅವಳ ಆಕ್ಷೇಪ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಬಡ್ತಿಗಳ ವಿಷಯ ಬಿಟ್ಟುಬಿಡುತ್ತೇನೆ. ಮೇಲಿನವರು ನಿವೃತ್ತರಾದಾಗ ಕೆಳಗಿನವರು ಮೇಲೆ ಹೋಗುತ್ತಾರೆ. ನೀರಿನ ಗುಳ್ಳೆ ಮೇಲೆ ಬರುವುದರಲ್ಲಿ ಎಷ್ಟು ಸಾಧನೆ ಇದೆಯೋ ಇದರಲ್ಲೂ ಅಷ್ಟೇ ಇದೆ.

ತೊಂಬತ್ತರ ದಶಕದಲ್ಲಿ ನಾನು ನವಿಮುಂಬಯಿಯ ಬಂದರಿನಲ್ಲಿ ಅಪ್ರೈಸರ್ ಆಗಿದ್ದೆ. ಹಡಗಿನಲ್ಲಿ ಬಂದ ಸರಕು ಕಾಗದದಲ್ಲಿ ಬರೆದ ಸರಕೇ ಹೌದೇ, ಹೇಳಿದ ಬೆಲೆ ನಂಬುವಂಥದ್ದೇ ಎಂದು ನೋಡಿ ಸುಂಕ ನಿಗದಿ ಮಾಡುವುದು ನನ್ನ ಕೆಲಸ. ಬೆಳಿಗ್ಗೆ ಡೊಂಬಿವಲಿಯಿಂದ ಥಾಣೆಯವರೆಗೆ ಲೋಕಲ್‌ನಲ್ಲಿ ನಿಂತು ಹೋಗುವುದು, ಅಲ್ಲಿಂದ ಇಲಾಖೆಯ ಬಸ್ಸು ಹಿಡಿದು ಕಳವಾ ಸೇತುವೆ ದಾಟಿ ಬೇಲಾಪುರ ರಸ್ತೆಯಲ್ಲಿ ಕುಳಿತು ತೂಕಡಿಸುವುದು. ಆ ರಸ್ತೆಯ ಎರಡೂ ಕಡೆ ರಾಸಾಯನಿಕ ಕಾರ್ಖಾನೆಗಳು. ಕಣ್ಣು ಮುಚ್ಚಿಕೊಂಡಿದ್ದರೂ ಯಾವ ಕಾರ್ಖಾನೆ ಬಂತು ಎಂದು ವಾಸನೆಯಿಂದಲೇ ಹೇಳುತ್ತಿದ್ದೆವು. ಬರಬರುತ್ತಾ ಒಂದೊಂದೇ ವಾಸನೆ ಕಡಿಮೆಯಾಗತೊಡಗಿತು. ಗಾಳಿ ಸುಧಾರಿಸಿತು ಎಂದು ಬಸ್ಸಿನಲ್ಲಿ ಕೆಲವರು ಸಂತೋಷಪಟ್ಟರು. ಗಾಳಿ ಸುಧಾರಿಸಿರಲಿಲ್ಲ, ಕಾರ್ಖಾನೆಗಳು ಮುಚ್ಚುತ್ತಿದ್ದವು.

ಮುಚ್ಚಲು ನೂರು ಕಾರಣ ಇರಬಹುದು. ಒಂದು ಕಾರಣ ದಿನವೂ ನನ್ನ ಕಣ್ಣೆದುರೇ ಡ್ರಮ್ಮುಗಳಲ್ಲಿ ಇಳಿಯುತ್ತಿತ್ತು. ಚೀನಾದವರು ತಮ್ಮ ಊರಿನಲ್ಲಿ ಒಂದು ಬೆಲೆಗೆ ಮಾರುವ ಸರಕನ್ನು ನಮ್ಮಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಮಾರುತ್ತಿದ್ದರು. ಅವರಿಗೇನು ನಮ್ಮ ಮೇಲೆ ಪ್ರೀತಿಯೇ? ಇಲ್ಲಿಯ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಬೆಲೆ ಏರಿಸಿದರಾಯಿತು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ, ತಂದು ಸುರಿಯುವುದು ಎಂದು ಅರ್ಥ. ಸುರಿದವರ ಮೇಲೆ ಹಾಕುವ ಹೆಚ್ಚಿನ ಸುಂಕವೇ ಆಂಟಿ ಡಂಪಿಂಗ್ ಸುಂಕ. ಆ ದಿನಗಳಲ್ಲಿ ನಮ್ಮ ಸರಕಾರ ಒಂದು ಕೈಯಿಂದ ಆಮದಿನ ಬಾಗಿಲು ಅಗಲ ಮಾಡುತ್ತಾ ಇನ್ನೊಂದು ಕೈಯಿಂದ ಚಿಲಕ ಹುಡುಕುತ್ತಿತ್ತು. ಎರಡೂ ಕೈಗಳಿಗೆ ಪರಸ್ಪರ ಪರಿಚಯ ಇರಲಿಲ್ಲ. ಫೈಲುಗಳಲ್ಲಿ ಆ ದೇಶವನ್ನು ಹೆಸರು ಹಿಡಿದು ಕರೆಯುವ ಧೈರ್ಯವೂ ಇರಲಿಲ್ಲ. ಗಂಡನ ಹೆಸರು ಹೇಳದ ಹಿಂದಿನ ಕಾಲದ ಹೆಂಗಸರಂತೆ "ಸಂಬಂಧಪಟ್ಟ ದೇಶ" ಎಂದಷ್ಟೇ ಬರೆಯುತ್ತಿದ್ದೆವು.

ಈ ಸುಂಕ ಸುಮ್ಮನೆ ಹಾಕಲು ಬರುವುದಿಲ್ಲ. ಸರಕು ಅನ್ಯಾಯದ ಬೆಲೆಗೆ ಬರುತ್ತಿದೆ ಎಂದು ತೋರಿಸಬೇಕು. ಅದರಿಂದಾಗಿ ಇಲ್ಲಿಯ ಕಾರ್ಖಾನೆಗೆ ಹಾನಿಯಾಗಿದೆ ಎಂದೂ ತೋರಿಸಬೇಕು. ಹಾನಿ ಅಂದರೆ ಯಂತ್ರ ನಿಂತಿರಬೇಕು, ಕೆಲಸಗಾರರು ಮನೆಗೆ ಹೋಗಿರಬೇಕು, ಸರಕು ಗೋದಾಮಿನಲ್ಲಿ ಕೊಳೆಯುತ್ತಿರಬೇಕು. ದೆಹಲಿಯ ಅಧಿಕಾರಿಗಳು ಖುದ್ದು ಬಂದು ಇದನ್ನು ಕಣ್ಣಾರೆ ನೋಡುತ್ತಾರೆ. ಈ ಮಾತು ಸಣ್ಣ ಮಕ್ಕಳಿಗೂ ಅರ್ಥವಾಗುತ್ತದೆ. ನನಗೆ ಅರ್ಥವಾಗಲಿಲ್ಲ ಎಂಬುದೇ ಈ ಬರಹದ ವಿಷಯ.

ನಾನು ನೋಡಿದ ಮೊದಲ ಪ್ರಕರಣದಲ್ಲಿ ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯವರು ಅರ್ಜಿ ಹಾಕಿದ್ದರು. ದೆಹಲಿಯಿಂದ ದಪ್ಪ ಪ್ರಶ್ನಾವಳಿ ಚೀನಾದ ಕಂಪನಿಗಳಿಗೆ ಹೋಯಿತು. ನೀವು ಅನ್ಯಾಯ ಮಾಡುತ್ತಿದ್ದೀರಾ, ಮಾಡುತ್ತಿದ್ದರೆ ಎಷ್ಟು, ದಯವಿಟ್ಟು ಮೂರು ಪ್ರತಿಗಳಲ್ಲಿ ತಿಳಿಸಿ ಎಂಬ ಧಾಟಿಯದು. ಅವರು ಉತ್ತರಿಸಲಿಲ್ಲ. ನಾವು ಜ್ಞಾಪನಪತ್ರ ಕಳಿಸಿದೆವು. ಅವರು ಇನ್ನೂ ನಾಲ್ಕು ಹಡಗು ಸರಕು ಕಳಿಸಿದರು. ಕೊನೆಗೆ ನಮ್ಮ ಪರವಾಗಿ ತೀರ್ಪಾಗಿ ಅಧಿಸೂಚನೆ ಬಂದಾಗ ಸುಂಕದ ದರವನ್ನು ತಿಳಿಸಲು ನಾನೇ ಆ ಕಾರ್ಖಾನೆಗೆ ಹೋದೆ. ಉಲ್ಹಾಸನಗರದ ಗುಜರಿ ವ್ಯಾಪಾರಿಗಳು ಅಲ್ಲಿ ಪೈಪು ಕತ್ತರಿಸಿ ಲಾರಿಗೆ ಹಾಕುತ್ತಿದ್ದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಅಧಿಸೂಚನೆಯ ಪ್ರತಿಯನ್ನು ಕಾವಲುಗಾರನಿಗೆ ಕೊಟ್ಟು ಸ್ವೀಕೃತಿಗೆ ಸಹಿ ಹಾಕಿಸಿಕೊಂಡು ಬಂದೆ. ನಮ್ಮ ದಾಖಲೆಯಲ್ಲಿ ಅದು ಯಶಸ್ವಿ ಪ್ರಕರಣ.

ನನ್ನ ಮೇಲಧಿಕಾರಿ ದೇಸಾಯಿ ಸಾಹೇಬರು. ವಿಜಾಪುರದ ಕಡೆಯವರು, ತೂಕದ ಮನುಷ್ಯ. ಕನ್ನಡದವನೆಂದು ನನ್ನ ಮೇಲೆ ಅವರಿಗೆ ವಿಶೇಷ ಅಭಿಮಾನ. ಅಂದರೆ ಬೇರೆಯವರನ್ನು ಇಂಗ್ಲಿಷಿನಲ್ಲಿ ಬೈದರೆ ನನ್ನನ್ನು ಕನ್ನಡದಲ್ಲಿ ಬೈಯುತ್ತಿದ್ದರು. "ಉಪಾಧ್ಯಾ, ಫೈಲ್ ನಡೀತಿರಬೇಕೋ, ನಾವು ಕುಂತಿರಬೇಕು" ಎಂಬುದು ಅವರ ಸಿದ್ಧಾಂತ. ಹತ್ತು ವರ್ಷ ಬಂದರಿನಲ್ಲಿದ್ದ ಅವರು ಒಮ್ಮೆಯಾದರೂ ಡ್ರಮ್ಮಿನ ಮುಚ್ಚಳ ತೆಗೆದದ್ದನ್ನು ನಾನು ನೋಡಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಏನೋ ಇರುತ್ತದೆ, ಇದ್ದರೆ ಬರೆಯಬೇಕಾಗುತ್ತದೆ.

ವಾಮನ ಕಾಮತರ ಪರಿಚಯವಾದದ್ದು ಒಂದು ಬಾಟಲಿಯಿಂದ. ಉಡುಪಿ ಕಡೆಯ ಕಾಮತರು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಸಣ್ಣದೊಂದು ಕಾರ್ಖಾನೆ ನಡೆಸುತ್ತಿದ್ದರು. ಔಷಧಿ ಕಂಪನಿಗಳಿಗೆ ಬೇಕಾಗುವ ಒಂದು ಬಿಳಿ ಪುಡಿ ತಯಾರಿಸುವುದು. ಅದರ ಪೂರ್ತಿ ಹೆಸರು ಹೇಳಲು ಒಂದು ನಿಲ್ದಾಣದಿಂದ ಇನ್ನೊಂದು ನಿಲ್ದಾಣದವರೆಗೆ ಸಮಯ ಬೇಕು, ಹಾಗಾಗಿ ಪುಡಿ ಎಂದಿಟ್ಟುಕೊಳ್ಳೋಣ. ಅದೇ ಪುಡಿ ಚೀನಾದಿಂದ ಬರತೊಡಗಿತ್ತು. ಕಾಮತರು ಕಚ್ಚಾ ಮಾಲು ಕೊಳ್ಳುವ ಬೆಲೆಗಿಂತಲೂ ಅಗ್ಗಕ್ಕೆ ಚೀನಾದ ತಯಾರಾದ ಪುಡಿ ಸಿಗುತ್ತಿತ್ತು. ಕಾಮತರು ದೆಹಲಿಗೆ ಅರ್ಜಿ ಹಾಕಿದರು. ಬಂದ ಪುಡಿಯೂ ಇಲ್ಲಿಯ ಪುಡಿಯೂ ಒಂದೇ ಎಂದು ಮೊದಲು ಸಾಬೀತಾಗಬೇಕಿತ್ತು. ಅದಕ್ಕೆ ಮಾದರಿ ತರಲು ನನ್ನನ್ನು ಕಳಿಸಿದರು.

ಮಾದರಿ ತುಂಬಿಕೊಟ್ಟವನು ಶರಣಪ್ಪ. ಕಲಬುರಗಿ ಕಡೆಯವನು, ಹದಿನಾಲ್ಕು ವರ್ಷದಿಂದ ಅಲ್ಲಿ ರಿಯಾಕ್ಟರ್ ನೋಡಿಕೊಳ್ಳುತ್ತಿದ್ದ. ರಿಯಾಕ್ಟರ್ ಅಂದರೆ ಪುಡಿ ಬೇಯುವ ದೊಡ್ಡ ಹಂಡೆ, ಅಂಥವು ಎರಡಿದ್ದವು. ಕಳವಾದಲ್ಲಿ ಒಂದು ಖೋಲಿಯಲ್ಲಿ ಹೆಂಡತಿ, ಮೂವರು ಮಕ್ಕಳೊಂದಿಗೆ ಅವನ ವಾಸ. ಬಾಟಲಿ ಕೊಡುತ್ತಾ, "ಸಾಹೇಬ್ರ, ನಮ್ಮ ಪುಡಿ ಕೈಯಾಗ ತಿಕ್ಕಿ ನೋಡ್ರಿ, ಆಮ್ಯಾಲ ಅವರದು ನೋಡ್ರಿ. ನಮ್ಮದs ಛಲೋ ಅದ" ಎಂದ. ಬಂದರಿನಿಂದ ತಂದಿದ್ದ ಚೀನಾದ ಪುಡಿಯ ಬಾಟಲಿ ನನ್ನ ಚೀಲದಲ್ಲಿತ್ತು, ಎರಡನ್ನೂ ತಿಕ್ಕಿ ನೋಡಿದೆ. ನನಗೆ ಎರಡೂ ಒಂದೇ ಥರ ಕಂಡವು. ಆದರೂ ಅವನ ಹೆಮ್ಮೆ ನೋಡಿ ಹೌದಪ್ಪ ಎಂದೆ.

ಎರಡೂ ಬಾಟಲಿಗಳಿಗೆ ಮೊಹರು ಹಾಕಿ ದೇಸಾಯಿ ಸಾಹೇಬರ ಮೇಜಿನ ಮೇಲಿಟ್ಟೆ. ಪ್ರಯೋಗಾಲಯಕ್ಕೆ ಕಳಿಸುವ ಪತ್ರಕ್ಕೆ ಅವರ ಸಹಿ ಬೇಕಿತ್ತು. ಪತ್ರದಲ್ಲಿ ಬಾಟಲಿಯ ಅಳತೆ ಬರೆದಿರಲಿಲ್ಲವೆಂದು ವಾಪಸು ಬಂತು. ಅಳತೆ ಬರೆದರೆ ಮುಚ್ಚಳದ ಬಣ್ಣ ಬರೆದಿಲ್ಲ ಎಂದರು. ಹೀಗೆ ಒಂದು ಮಳೆಗಾಲ ಹೋಯಿತು. ಬಂದರಿನ ಗಾಳಿಯಲ್ಲಿ ಎರಡೂ ಪುಡಿಗಳು ತೇವ ಹೀರಿ ಕಲ್ಲಾದವು. "ಮಾದರಿಗಳು ಪುಡಿಯ ರೂಪದಲ್ಲಿ ಇಲ್ಲವಾದ್ದರಿಂದ ಪುಡಿಯ ಬಗ್ಗೆ ಅಭಿಪ್ರಾಯ ನೀಡಲಾಗದು" ಎಂದು ಪ್ರಯೋಗಾಲಯದಿಂದ ಉತ್ತರ ಬಂತು. ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಸಾಹೇಬರು ಮಾತ್ರ ಉತ್ತರವನ್ನು ಎರಡು ಸಲ ಓದಿ, "ಎರಡೂ ಒಂದs ರೀತಿ ಕಲ್ಲಾಗ್ಯಾವಲ್ಲೋ, ಅಂದ್ರ ಎರಡೂ ಒಂದs ಮಾಲು. ಹಂಗs ಬರಿ" ಎಂದರು. ಹಾಗೆಯೇ ಬರೆದೆ. ದೆಹಲಿಯಲ್ಲಿ ಅದನ್ನು ಒಪ್ಪಿಕೊಂಡರು! ವಿಜ್ಞಾನಕ್ಕೆ ನಮ್ಮ ಇಲಾಖೆಯಿಂದ ಅಷ್ಟು ಸೇವೆ ಸಂದಿದೆ.

ಈ ನಡುವೆ ಕಾಮತರ ಕಾರ್ಖಾನೆ ಕುಂಟತೊಡಗಿತ್ತು. ಎರಡನೆಯ ರಿಯಾಕ್ಟರ್ ನಿಂತಿತು. ಅರ್ಧದಷ್ಟು ಜನರನ್ನು ಮನೆಗೆ ಕಳಿಸಿದರು, ಅವರಲ್ಲಿ ಶರಣಪ್ಪನೂ ಒಬ್ಬ. ಒಂದು ಭಾನುವಾರ ಮಾರ್ಕೆಟಿನಲ್ಲಿ ಸಿಕ್ಕ ಕಾಮತರು ಹೇಳಿದರು: "ಉಪಾಧ್ಯರೇ, ಈ ಸುಂಕ ಬಂದ್ರೆ ನಾನು ಉಳಿಯುವುದು, ಕೆಲಸದವರೂ ಉಳಿಯುವುದು. ಬಾರದಿದ್ರೆ ಮಳೆಗಾಲದ ಮೊದಲು ಬೀಗವೇ. ಆ ಶರಣಪ್ಪ ವಾರಕ್ಕೊಮ್ಮೆ ಬಂದು ಗೇಟಿನ ಹತ್ರ ನಿಂತು ಹೋಗ್ತಾನೆ ಮಾರಾಯ್ರೆ. ಕೇಳುದಿಲ್ಲ, ನಿಂತು ಹೋಗ್ತಾನೆ. ಅದು ನನಗೆ ನೋಡ್ಲಿಕ್ಕೆ ಆಗುದಿಲ್ಲ."

ಕೊನೆಗೂ ದೆಹಲಿಯವರು ಬರುವ ದಿನ ಗೊತ್ತಾಯಿತು. ಸಕ್ಸೇನಾ ಎಂಬ ಅಧಿಕಾರಿ ಒಂದು ದಿನದ ಮಟ್ಟಿಗೆ ಬಂದು ಕಾರ್ಖಾನೆ ನೋಡುತ್ತಾರೆ, ಆಮದಿನ ಲೆಕ್ಕಪತ್ರ ತೋರಿಸಲು ಬಂದರಿನಿಂದ ಉಪಾಧ್ಯ ಜೊತೆಗಿರಬೇಕು ಎಂದು ಆದೇಶ. ಮಾರನೆಯ ದಿನವೇ ಕಾಮತರು ಓಡಿ ಬಂದರು. "ಎಂತ ಮಾಡ್ಬೇಕು ಹೇಳಿ. ನಿಮಗೆ ಸಾಹೇಬರುಗಳ ಅಭ್ಯಾಸ ಉಂಟಲ್ಲ."

ನಿಜ, ನನಗೆ ಸಾಹೇಬರುಗಳ ಅಭ್ಯಾಸ ಇತ್ತು. ಬಂದರಿಗೆ ಮೇಲಿನಿಂದ ಯಾರೇ ಬಂದರೂ ಹಿಂದಿನ ದಿನ ಕಟ್ಟೆಗಳಿಗೆ ಸುಣ್ಣ ಬಳಿಯುತ್ತಿದ್ದೆವು. ಕೆಟ್ಟು ನಿಂತ ತೂಕದ ಯಂತ್ರಕ್ಕೆ ಹಾರ ಹಾಕಿ ಪೂಜೆಯಾಗಿದೆ ಎಂದು ತೋರಿಸುತ್ತಿದ್ದೆವು. ನನ್ನ ನಾಲಿಗೆಗೆ ಆ ಪಾಠ ಬಾಯಿಪಾಠವಾಗಿತ್ತು. ಕಾಮತರನ್ನು ಕೂಡಿಸಿಕೊಂಡು ಹೇಳಿದೆ: ಗೋಡೆಗೆ ಬಣ್ಣ ಹೊಡೆಸಿ, ಅಂಗಳದ ಖಾಲಿ ಡ್ರಮ್ಮು ಕಣ್ಣಿಗೆ ಕಾಣದ ಹಾಗೆ ಸರಿಸಿ, ಕೆಲಸಗಾರರಿಗೆ ಒಂದೇ ಥರದ ಹೊಸ ಅಂಗಿ ಕೊಡಿ, ನಿಂತ ಯಂತ್ರ ನೋಡಿದರೆ ಸಾಹೇಬರಿಗೆ ಬೇಸರವಾಗುತ್ತದೆ, ಎರಡೂ ರಿಯಾಕ್ಟರ್ ಓಡುತ್ತಿರಲಿ, ಊಟ ಥಾಣೆಯ ಒಳ್ಳೆಯ ಹೋಟೆಲಿನಿಂದ ಬರಲಿ. ಕಾಮತರು ಎಲ್ಲವನ್ನೂ ಭಕ್ತಿಯಿಂದ ಬರೆದುಕೊಂಡರು. ಅವರಿಗೂ ಅದು ಹೊಸದಲ್ಲ. ಬಾಯ್ಲರ್ ಇನ್‌ಸ್ಪೆಕ್ಟರ್, ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಎಂದು ಇಪ್ಪತ್ತು ವರ್ಷ ಅದನ್ನೇ ಮಾಡಿದವರು. ಬರುವವರು ನಮ್ಮ ನಷ್ಟ ನೋಡಲು ಬರುತ್ತಿದ್ದಾರೆ ಎಂದು ಇಬ್ಬರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಸಾಹೇಬರು ಬರುತ್ತಾರೆ ಅಂದ ಕೂಡಲೇ ನಮ್ಮ ಮೈ ತಾನಾಗಿ ಬಾಗುತ್ತದೆ, ತಲೆ ಕೆಲಸ ನಿಲ್ಲಿಸುತ್ತದೆ.

ಆ ದಿನ ಕಾರ್ಖಾನೆಗೆ ಹೋದರೆ ನನಗೇ ಗುರುತು ಸಿಗಲಿಲ್ಲ. ಬಾಗಿಲಿಗೆ ಮಾವಿನ ತೋರಣ, ನೆಲಕ್ಕೆ ರಂಗೋಲಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಯಾರೋ ಗೋಡೆಗೆ ಬಳಿದ ಹಾಗಿತ್ತು. ಪಕ್ಕದ ಕಾರ್ಖಾನೆಯಿಂದ ಕಚ್ಚಾ ಮಾಲು ಕೈಗಡ ತಂದು ಎರಡನೆಯ ರಿಯಾಕ್ಟರನ್ನೂ ಓಡಿಸುತ್ತಿದ್ದರು. ಮನೆಗೆ ಕಳಿಸಿದವರನ್ನೆಲ್ಲ ಆ ಒಂದು ದಿನಕ್ಕೆ ಕರೆಸಿದ್ದರು. ನೀಲಿ ಅಂಗಿ ತೊಟ್ಟ ಶರಣಪ್ಪ ತನ್ನ ರಿಯಾಕ್ಟರಿನ ಪಕ್ಕದಲ್ಲಿ ನಿಂತು ಬಟ್ಟೆಯಿಂದ ಅದರ ಒತ್ತಡ ತೋರಿಸುವ ಗಡಿಯಾರದ ಗಾಜು ಒರೆಸುತ್ತಿದ್ದ. ಸಂತೋಷದಲ್ಲಿದ್ದ. ನನ್ನನ್ನು ನೋಡಿ, "ಸಾಹೇಬ್ರ, ಒಂಬತ್ತ ತಿಂಗಳಾದ್ರೂ ಎಲ್ಲಾ ಕೈಗೆ ನೆನಪದ ನೋಡ್ರಿ" ಎಂದ.

ಇನ್ನೊಂದು ಜಾಣತನವೂ ನನ್ನದೇ. ದೊಡ್ಡವರು ಬಂದಾಗ ಕೆಲಸಗಾರರು ಹಿಂದಿಯಲ್ಲಿ ನೇರವಾಗಿ ಮಾತಾಡಬಾರದು, ಕನ್ನಡದಲ್ಲೇ ಹೇಳಬೇಕು, ನಾವು ಅದನ್ನು ಹಿಂದಿಗೆ ತಿರುಗಿಸಿ ಹೇಳುತ್ತೇವೆ ಎಂಬುದು ನಮ್ಮ ಹಳೆಯ ಉಪಾಯ. ಕೆಲಸಗಾರನ ಬಾಯಿಂದ ಹೊರಟದ್ದು ಸಾಹೇಬರ ಕಿವಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ತೊಳೆದು ಶುದ್ಧವಾಗುತ್ತದೆ. ಇಷ್ಟು ವರ್ಷ ಇಲ್ಲಿದ್ದ ಶರಣಪ್ಪನಿಗೆ ನನಗಿಂತ ಚೆನ್ನಾಗಿ ಹಿಂದಿ ಬರುತ್ತಿತ್ತು. ಆದರೂ ಕಾಮತರು ಹೇಳಿದ ಮೇಲೆ ಅವನೂ ಒಪ್ಪಿದ್ದ.

ಸಕ್ಸೇನಾ ಮೂವತ್ತು ದಾಟದ ಹುಡುಗ. ಹಾರ ಬೇಡ ಎಂದ. ಎಳನೀರನ್ನೂ ಬೇಡವೆಂದು ಸ್ಟೀಲ್ ಲೋಟದಲ್ಲಿ ನೀರು ಕೇಳಿ ಕುಡಿದ. ಲೆಕ್ಕಪತ್ರ ತೆರೆದು ಕುಳಿತ. ಅದರಲ್ಲಿ ಉತ್ಪಾದನೆ ಅರ್ಧಕ್ಕಿಳಿದಿದೆ, ಜನ ಅರ್ಧವಾಗಿದ್ದಾರೆ ಎಂದಿತ್ತು. ತಲೆಯೆತ್ತಿ ನೋಡಿದರೆ ಎರಡೂ ರಿಯಾಕ್ಟರ್ ಗುಡುಗುಡು ಎನ್ನುತ್ತಿವೆ, ಹೊಸ ಅಂಗಿಯ ಜನ ಸಾಲುಗಟ್ಟಿ ನಿಂತಿದ್ದಾರೆ, ಗೋಡೆಯ ಬಣ್ಣ ಇನ್ನೂ ಕೈಗೆ ಹತ್ತುತ್ತಿದೆ. ಅವನ ಮುಖದಲ್ಲಿ ಗೊಂದಲ ಕಂಡಿತು. ನಾನದನ್ನು ಮೆಚ್ಚುಗೆ ಎಂದುಕೊಂಡೆ.

ಆಮೇಲೆ ಅವನು ಶರಣಪ್ಪನ ಬಳಿಗೆ ಹೋದ. "ನೀವು ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಈಚೆಗೆ ಕೆಲಸ ಹೇಗೆ ನಡೆಯುತ್ತಿದೆ?" ಎಂದು ಹಿಂದಿಯಲ್ಲಿ ಬಹುವಚನದಲ್ಲೇ ಕೇಳಿದ. ಶರಣಪ್ಪ ಒಂದು ಕ್ಷಣ ಅವನನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಕೊಟ್ಟ ಮಾತಿನಂತೆ ಕನ್ನಡದಲ್ಲಿ ಹೇಳಿದ:

"ಸಾಹೇಬ್ರ, ಖರೇ ಹೇಳಿಬಿಡ್ರಿ ಇವ್ರಿಗೆ. ಹದಿನಾಕ ವರ್ಷ ದುಡದೀನಿ. ಒಂಬತ್ತ ತಿಂಗಳಾತು, ಮನ್ಯಾಗ ಕುಂತೀನಿ. ಇವತ್ತೊಂದಿನ ಬಾ ಅಂತ ಕರದಾರ, ನಾಳೆ ಮತ್ತ ಇಲ್ಲ. ಮಾಲಕರದೇನೂ ತಪ್ಪಿಲ್ಲ. ಹೊರಗಿನ ಪುಡಿ ಬಂದು ನಮ್ಮ ಅನ್ನ ಹೋತು. ಹಿರೇಮಗನ್ನ ಸಾಲಿ ಬಿಡಿಸೀನ್ರಿ. ಇಷ್ಟು ಹೇಳ್ರಿ ಸಾಕು."

ಇಡೀ ಪ್ರಕರಣಕ್ಕೆ ಬೇಕಾದ ಸಾಕ್ಷ್ಯ ಅದೇ ಆಗಿತ್ತು. ದೆಹಲಿಯಿಂದ ವಿಮಾನ ಹತ್ತಿ ಬಂದವನು ಕೇಳಬೇಕಾಗಿದ್ದ ಮಾತನ್ನು ಒಬ್ಬ ಕೆಲಸಗಾರ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದ್ದ. ನನಗೆ ಕೇಳಿಸಿದ್ದು ಮಾತ್ರ ಬೇರೆ. ಸಾಹೇಬರ ಎದುರು ಕೆಲಸಗಾರನೊಬ್ಬ ಕುಂದು ಹೇಳುತ್ತಿದ್ದಾನೆ, ಈ ದಿನದ ಅಲಂಕಾರ ಬಾಡಿಗೆಯದು ಎಂಬ ಗುಟ್ಟು ಬಿಚ್ಚುತ್ತಿದ್ದಾನೆ, ಕಾಮತರ ಮರ್ಯಾದೆ, ನನ್ನ ಮರ್ಯಾದೆ ಹೋಗುತ್ತದೆ ಎಂದಷ್ಟೇ ಕೇಳಿಸಿತು. ಹೆದರಿದೆ. ನಾಲಿಗೆ ತನ್ನ ಅಭ್ಯಾಸದಂತೆ ಹೊರಳಿತು.

"ಸಾಬ್, ಚೌದಾ ಸಾಲ್ ಸೇ ಯಹಾಂ ಹೈ. ಬೋಲ್ತಾ ಹೈ, ಕೋಯಿ ತಕಲೀಫ್ ನಹೀಂ, ಮಾಲಿಕ್ ಬಹುತ್ ಅಚ್ಛೇ ಹೈಂ" ಎಂದೆ. ಏನೂ ತೊಂದರೆ ಇಲ್ಲವಂತೆ, ಮಾಲೀಕರು ಬಹಳ ಒಳ್ಳೆಯವರಂತೆ.

ಸಕ್ಸೇನಾ ಬರೆದುಕೊಂಡ. ಶರಣಪ್ಪನಿಗೆ ಪ್ರತಿಯೊಂದು ಶಬ್ದವೂ ಅರ್ಥವಾಗಿತ್ತು. ನನ್ನ ಮುಖ ನೋಡಿದ. ಅಲ್ಲಿಯೇ ಬಾಯಿ ತೆಗೆದು ಹಿಂದಿಯಲ್ಲಿ ಸುಳ್ಳು ಎಂದು ಕೂಗಬಹುದಿತ್ತು. ಕೂಗಲಿಲ್ಲ. ಮಾಲೀಕರಿಗೆ ಕೊಟ್ಟ ಮಾತು ಅವನನ್ನು ತಡೆದಿರಬೇಕು. ಅಥವಾ ದೊಡ್ಡವರು ಹೀಗೆ ಹೇಳಿದ್ದರಲ್ಲಿ ತನಗೆ ತಿಳಿಯದ ಉಪಾಯ ಏನೋ ಇರಬೇಕು ಎಂದು ನಂಬಿದನೋ ಏನೋ. ಮತ್ತೆ ಬಟ್ಟೆ ತೆಗೆದುಕೊಂಡು ಗಾಜು ಒರೆಸಿದ.

ಊಟಕ್ಕೆ ಏಳು ಬಗೆ ಇತ್ತು. ಸಕ್ಸೇನಾ ಎರಡು ಚಪಾತಿ ತಿಂದು ಕೈತೊಳೆದ. ಉಳಿದದ್ದನ್ನು ನಾವು ತಿಂದೆವು. ಬಡಿಸುತ್ತಾ ಕಾಮತರು, "ಎಲ್ಲ ಚಂದ ಆಯ್ತಲ್ಲ ಮಾರಾಯ್ರೆ" ಎಂದು ಮೂರು ಸಲ ಕೇಳಿದರು. ಮೂರು ಸಲವೂ ಚಂದ ಆಯಿತು ಎಂದೆ.

ಎರಡು ತಿಂಗಳ ಮೇಲೆ ವರದಿ ಬಂತು. ಭೇಟಿಯ ದಿನ ಎರಡೂ ರಿಯಾಕ್ಟರುಗಳು ಪೂರ್ಣವಾಗಿ ಓಡುತ್ತಿದ್ದವು, ಆವರಣ ಹೊಸದಾಗಿ ಸಜ್ಜಾಗಿದೆ, ಕೆಲಸಗಾರರ ಕೊರತೆ ಕಾಣಲಿಲ್ಲ, ವಿಚಾರಿಸಿದಾಗ ಹಿರಿಯ ಕೆಲಸಗಾರರೊಬ್ಬರು ಯಾವುದೇ ತೊಂದರೆ ಇಲ್ಲವೆಂದು ತಿಳಿಸಿದರು, ಲೆಕ್ಕಪತ್ರಗಳು ಇದಕ್ಕೆ ಹೊಂದುವುದಿಲ್ಲ, ಆದ್ದರಿಂದ ಹಾನಿ ಸಾಬೀತಾಗಿಲ್ಲ. ನನ್ನ ಸೇವಾವಧಿಯಲ್ಲಿ ಒಬ್ಬ ಅಧಿಕಾರಿ ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಬರೆದ ಅಪರೂಪದ ವರದಿ ಅದು. ಆ ಪ್ರಾಮಾಣಿಕನಿಗೆ ಸುಳ್ಳು ತೋರಿಸಿ ಸುಳ್ಳು ಕೇಳಿಸಿದವರು ನಾವು. ಚೀನಾದವರು ಇಪ್ಪತ್ತು ಹಡಗು ಕಳಿಸಿಯೂ ಮಾಡಲಾಗದ್ದನ್ನು ನಾನು ಒಂದು ವಾಕ್ಯದಿಂದ ಮಾಡಿ ಮುಗಿಸಿದ್ದೆ.

ಸರಿಪಡಿಸಲು ದಾರಿ ಇತ್ತು. ಕೊನೆಯ ತೀರ್ಮಾನಕ್ಕೆ ಮೊದಲು ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡುತ್ತಾರೆ. ಕಾಮತರು ನನ್ನ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು. ಅವರ ಧ್ವನಿಯಲ್ಲಿ ಕೋಪ ಇರಲಿಲ್ಲ, ಅದು ಇನ್ನೂ ಕಷ್ಟ. "ಬಣ್ಣ, ಅಂಗಿ ಎಲ್ಲ ನಾನೇ ಮಾಡಿದ್ದು ಅಂತ ಬರಿತೇನೆ, ನನ್ನ ತಲೆ ಮೇಲೆ ಹಾಕ್ತೇನೆ. ಆದ್ರೆ ಶರಣಪ್ಪ ಹೇಳಿದ್ದು ಎಂತ ಅಂತ ನೀವು ಒಂದು ಚೀಟಿ ಬರೆದು ಕೊಡಿ. ಸರಕಾರದ ಮನುಷ್ಯ ಬರೆದ್ರೆ ಅವರು ನಂಬ್ತಾರೆ. ನನ್ನ ಮಾತು ಇನ್ನು ಯಾರು ನಂಬುದು?"

ಚೀಟಿ ಬರೆದೆ ಕೂಡ. ನಾನು ಆ ದಿನ ತಪ್ಪಾಗಿ ತಿಳಿಸಿದೆ, ಕೆಲಸಗಾರ ನಿಜವಾಗಿ ಹೇಳಿದ್ದು ಇದು ಎಂದು ಒಂದು ಪುಟ. ಮರುದಿನ ಅದನ್ನು ದೇಸಾಯಿ ಸಾಹೇಬರಿಗೆ ತೋರಿಸಿದೆ. ಅವರು ಓದಿ ಕನ್ನಡಕ ತೆಗೆದಿಟ್ಟರು.

"ಏನೋ ಉಪಾಧ್ಯಾ, ದೆಹಲಿ ಅಧಿಕಾರಿ ಮುಂದ ಸುಳ್ಳು ಹೇಳೀನಿ ಅಂತ ನೀನs ಸಹಿ ಹಾಕಿ ಕೊಡ್ತೀಯೇನು? ಮೆಮೊ ಬರ್ತದ, ಇನ್ಕ್ವಾಯರಿ ಆಗ್ತದ. ಬರೋ ವರ್ಷ ನಿನ್ನ ಪ್ರಮೋಶನ್ ಅದ. ಸುಮ್ನ ಇಟ್ಟುಬಿಡು. ಫ್ಯಾಕ್ಟರಿ ಇವತ್ತಿಲ್ಲಾ ನಾಳೆ ಹೆಂಗೂ ಮುಚ್ಚೂದs."

ನಾನು ಆ ಪುಟವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಮನೆಗೆ ಹೋಗುವಾಗ ಲೋಕಲ್‌ನಲ್ಲಿ ಹರಿದು ಹೊರಗೆಸೆದೆ. ಕಾಮತರಿಗೆ ಇಲಾಖೆಯ ಒಪ್ಪಿಗೆ ಸಿಗಲಿಲ್ಲ ಎಂದೆ. ಅದೂ ಸುಳ್ಳೇ, ಒಪ್ಪಿಗೆಯನ್ನು ನಾನು ಕೇಳಿಯೇ ಇರಲಿಲ್ಲ. ನಾಚಿಕೆಯಾಗುತ್ತದೆ ಎಂದು ಈಗ ಬರೆಯುವುದು ಸುಲಭ, ಪಿಂಚಣಿ ನಿಲ್ಲುವುದಿಲ್ಲ. ಆಗಲೂ ನಾಚಿಕೆಯಾಗಿತ್ತು. ಅದನ್ನು ಹೊತ್ತುಕೊಂಡೇ ಮರುವರ್ಷ ಬಡ್ತಿಯ ಪೇಡೆ ಹಂಚಿದೆ.

ಸುಂಕ ಬರಲಿಲ್ಲ. ಮಳೆಗಾಲದ ಮೊದಲೇ ಕಾರ್ಖಾನೆಗೆ ಬೀಗ ಬಿತ್ತು. ಪುಡಿ ಮಾಡುವವರು ಇಲ್ಲಿ ಯಾರೂ ಉಳಿಯದ ಮೇಲೆ ಚೀನಾದ ಪುಡಿಯ ಬೆಲೆ ಏರಿತು, ಅದನ್ನು ನೋಡಿ ಔಷಧಿ ಕಂಪನಿಗಳು ಸರಕಾರವನ್ನು ಬೈದವು. ಕಾಮತರು ಎರಡು ವರ್ಷ ಏನೂ ಮಾಡಲಿಲ್ಲ. ಆಮೇಲೆ ಅದೇ ಪುಡಿಯನ್ನು ಚೀನಾದಿಂದ ತರಿಸಿ ಮಾರತೊಡಗಿದರು. ಅವರ ಮೊದಲ ಕಂಟೇನರಿನ ಕಾಗದ ನನ್ನ ಮೇಜಿಗೇ ಬಂತು. "ನನಗೆ ಗೊತ್ತಿರುದು ಇದೊಂದೇ ಪುಡಿ ಉಪಾಧ್ಯರೇ, ಮಾಡ್ಲಿಕ್ಕೆ ಆಗದಿದ್ರೆ ಮಾರುದು" ಎಂದರು. ಸಹಿ ಹಾಕಿದೆ. ಅದರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ಕೆಲಸದ ರೀತಿ ಬದಲಾಯಿತು. ಕಂಪ್ಯೂಟರ್ ಬಂತು, ಬೈಂಡು ಹಾಕಿದ ರಿಜಿಸ್ಟರುಗಳು ಗೆದ್ದಲಿಗೆ ಹೋದವು. ನೂರು ಡ್ರಮ್ಮಿನಲ್ಲಿ ಯಾವುದನ್ನು ತೆರೆಯಬೇಕು ಎಂದು ಯಂತ್ರವೇ ಹೇಳತೊಡಗಿತು. ಹಿಂದೆ ನಾವು ಬಾಗಿಲ ಹತ್ತಿರ ಇದ್ದದ್ದನ್ನು ತೆರೆಯುತ್ತಿದ್ದೆವು, ಈಗ ಯಂತ್ರ ತೆರೆಯಲೇ ಬೇಡಿ ಎನ್ನುತ್ತದೆ. ದೇಸಾಯಿ ಸಾಹೇಬರು ನಿವೃತ್ತರಾದರು. ಅವರ ಸಿದ್ಧಾಂತವನ್ನು ಕಂಪ್ಯೂಟರಿಗೆ ಕಲಿಸಿದವರು ಯಾರೋ ಗೊತ್ತಿಲ್ಲ.

ಆ ಸಮಯದಲ್ಲಿ ಒಂದು ಮಧ್ಯಾಹ್ನ ಬಂದರಿನ ಗೋದಾಮಿನಲ್ಲಿ ಡ್ರಮ್ಮು ಜಾರಿ ಹಮಾಲನೊಬ್ಬನ ಕಾಲಿನ ಮೇಲೆ ಬಿತ್ತು. ಕಾಮತರ ಸರಕಲ್ಲ, ಬೇರೆ ಯಾರದೋ. ಗಾಯಗೊಂಡವನನ್ನು ಆಸ್ಪತ್ರೆಗೆ ಸಾಗಿಸಿದ್ದರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ, ಹೊಸದಾಗಿ ಸೇರಿದ್ದ ಒಬ್ಬ ಮರಾಠಿ ಹುಡುಗಿ, ನಮ್ಮ ಪರೀಕ್ಷಣಾಧಿಕಾರಿ, ವಹಿ ಹಿಡಿದು ನಿಂತಿದ್ದಳು. ಹಮಾಲನೇ ಕುಡಿದು ಬಂದಿದ್ದ ಎಂದು ಗುತ್ತಿಗೆದಾರ ಅವಳಿಗೆ ಹೇಳುತ್ತಿದ್ದ. "ನೋಡಿದವರು ಯಾರಿದ್ದೀರಿ?" ಎಂದು ಅವಳು ಹಿಂದಿಯಲ್ಲಿ ಕೇಳಿದಳು. ಹಮಾಲರ ಗುಂಪಿನಿಂದ ಒಬ್ಬ ಮುಂದೆ ಬಂದ. ಶರಣಪ್ಪ. ತಲೆ ಪೂರ್ತಿ ನೆರೆತಿತ್ತು. ಹೆಗಲ ಮೇಲೆ ಗೋಣಿತಾಟು.

ಗುತ್ತಿಗೆದಾರ ನನ್ನ ಕಡೆ ನೋಡಿ, ಸಾಹೇಬರೇ, ಇವನು ನಿಮ್ಮ ಕಡೆಯವನು, ನೀವೇ ಕೇಳಿ ಮೇಡಮ್‌ಗೆ ಹೇಳಿಬಿಡಿ ಎಂದ. ನಾನೂ ಮುಂದೆ ಹೋದೆ. "ಶರಣಪ್ಪಾ, ಏನಾಯಿತು ನನಗೆ ಹೇಳು. ನಾನು ಅವರಿಗೆ ಹೇಳುತ್ತೇನೆ" ಎಂದೆ. ಈ ಸಲ ಒಂದು ಅಕ್ಷರವನ್ನೂ ಬದಲಿಸದೆ ಹೇಳಬೇಕು ಎಂದೇ ನನ್ನ ಮನಸ್ಸಿನಲ್ಲಿತ್ತು.

ಅವನು ನನಗೆ ಕೈಮುಗಿದ. ಮುಖದಲ್ಲಿ ಸಿಟ್ಟು ಇರಲಿಲ್ಲ.

"ಬ್ಯಾಡ್ರಿ ಸಾಹೇಬ್ರ. ನಿಮಗ ತ್ರಾಸ ಬ್ಯಾಡ. ನಾನs ಹೇಳ್ತೀನಿ."

ಆಮೇಲೆ ಆ ಹುಡುಗಿಯ ಕಡೆ ತಿರುಗಿ ಸ್ವಚ್ಛ ಹಿಂದಿಯಲ್ಲಿ ಹೇಳಿದ: ಡ್ರಮ್ಮು ಎತ್ತುವ ಪಟ್ಟಿ ಹೋದ ವಾರದಿಂದ ಹರಿದಿತ್ತು, ಗುತ್ತಿಗೆದಾರರಿಗೆ ಎರಡು ಸಲ ತಿಳಿಸಿದ್ದೆವು, ಅವನು ಕುಡಿದಿರಲಿಲ್ಲ, ಅವನಿಗೆ ಇಬ್ಬರು ಮಕ್ಕಳಿದ್ದಾರೆ, ಅದನ್ನೂ ಬರೆದುಕೊಳ್ಳಿ. ಅವಳು ಎಲ್ಲವನ್ನೂ ಬರೆದುಕೊಂಡಳು. ಬರೆದದ್ದನ್ನು ಅವನಿಗೆ ಓದಿ ಹೇಳಿ, ಸರಿ ಇದೆಯೇ ಎಂದು ಕೇಳಿದಳು. ಸರಿ ಇದೆ ಎಂದ ಅವನು. ನಾನು ಪಕ್ಕದಲ್ಲಿ ನಿಂತಿದ್ದೆ. ಅಲ್ಲಿ ನನ್ನಿಂದ ಆಗಬೇಕಾದ ಕೆಲಸ ಏನೂ ಇರಲಿಲ್ಲ.